ಏಳನೇ ನಂಬರಿನ ನೊಣಗಳು

ಫೆಬ್ರವರಿ 10, ಸೋಮವಾರ

ಮೈಯೆಲ್ಲ ಉರಿಯುತ್ತಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ನನ್ನ ಗಂಡ ಶಿವರಾಮು ಸ್ಕೂಲ್ ವ್ಯಾನು ನಿಲ್ಲಿಸಿ ಬಂದವನು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಅವನ ತಾಯಿ, ಆ ಮುದುಕಿಗೆ ಹೇಳಿದರೆ ನಾಳೆ ನಮ್ಮೂರು ಬೆಳಕವಾಡಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಮಗಳು ಬಿಟ್ಟುಹೋದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೀಚುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ.

ಮಳವಳ್ಳಿಯ ನಾಗರಾಜುವಿನ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ನೊಣ ಕಟ್ಟುತ್ತಿದ್ದೇನೆ. ಈ ಮಾತು ಹೇಳಿದಾಗೆಲ್ಲ ಜನ ನಗುತ್ತಾರೆ, ನಗಲಿ. ಗಾಳದ ಕೊಕ್ಕೆಗೆ ಕೂದಲು, ಗರಿ, ನೂಲು ಸುತ್ತಿ, ಮೀನಿನ ಕಣ್ಣಿಗೆ ಅದು ನೊಣವೋ ಮರಿಮೀನೋ ಎಂದು ಕಾಣುವ ಹಾಗೆ ಮಾಡುವುದು ಎಲ್ಲರ ಕೈಗೂ ಬರುವ ಕೆಲಸವಲ್ಲ. ಎಂಟು ಹೆಂಗಸರಲ್ಲಿ ಕೂದಲಿನ ನೊಣ ಕಟ್ಟುವವಳು ನಾನೊಬ್ಬಳೇ. ಉಳಿದವರದು ಗರಿ, ನೂಲು. ನನ್ನ ಡಬ್ಬಿಯ ಮೇಲೆ ಏಳನೇ ನಂಬರು.

ಆ ಏಳನೇ ನಂಬರಿನ ಮಾಲು ಇವತ್ತು ಮೈಸೂರಿನ ಅಂಗಡಿಯಿಂದ ವಾಪಸ್ ಬಂತು. ನೀರಿಗೆ ಹಾಕಿದರೆ ಕೂದಲೆಲ್ಲ ಕಳಚಿಕೊಂಡು ಬರುತ್ತದಂತೆ. ನಾಗರಾಜು ಎಲ್ಲರ ಮುಂದೆ ಒಂದನ್ನು ಎತ್ತಿ ಜಗ್ಗಿದ. ಅವನ ಬೆರಳಲ್ಲಿ ಕೂದಲು, ನನ್ನ ಮುಂದೆ ಬೋಳು ಕೊಕ್ಕೆ.

"ಏನ್ ವನಜಮ್ಮ, ಕೈ ಸಡಿಲ ಆಯ್ತಾ? ವಯಸ್ಸಾಯ್ತಾ?" ಅಂದ.

ನನ್ನ ಕೈ! ನಲವತ್ನಾಲ್ಕಕ್ಕೆ ವಯಸ್ಸಂತೆ! ನಾನು ಸುಮ್ಮನಿರುತ್ತೇನೆಯೇ? ನಾನು ಸಂಜೆ ಬಾಚಿಟ್ಟ ಕೂದಲಿನ ಕಂತೆಗಳನ್ನು ಬೆಳಿಗ್ಗೆ ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಿ ಕೊಡುವವಳು ಕಿರುಗಾವಲಿನ ಚಲುವಮ್ಮ. ಆ ಮಾಲು ಕಟ್ಟಿದ ವಾರ ಮಗಳ ಬಾಣಂತನವೆಂದು ಆರು ದಿನ ರಜ ಹಾಕಿದ್ದಳು. ಹೋಗುವ ಅವಸರದಲ್ಲಿ ಕಾಟಾಚಾರಕ್ಕೆ ಅದ್ದಿ ತೆಗೆದು ಹೋಗಿರುತ್ತಾಳೆ. ಅದನ್ನೇ ಬಾಯಿಬಿಟ್ಟು ಹೇಳಿದೆ. "ತೊಳೆಯೋಳು ನೆಟ್ಟಗೆ ತೊಳೆದಿದ್ರೆ ನನ್ನ ಗಂಟು ಯಾಕೆ ಬಿಚ್ಚುತ್ತೆ?" ಅಂದೆ. ಅವಳು ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವಳಾಗಿದ್ದರೆ ಆಡುತ್ತಿದ್ದಳಲ್ಲ? ನಾಗರಾಜು ಅಲ್ಲೇ ಅವಳನ್ನು ನಾಳೆಯಿಂದ ಬರಬೇಡ ಎಂದ. ತೊಟ್ಟಿಯ ನೀರು ಚೆಲ್ಲಿ, ತೊಟ್ಟಿ ಬೋರಲು ಹಾಕಿ ಹೋದಳು.

ಪಾಪ ಅನ್ನಿಸಲಿಲ್ಲ. ಎರಡು ವರ್ಷದ ಹಿಂದೆ ಒಮ್ಮೆ ನನ್ನ ಕೆಲಸದಲ್ಲೇ ಏನೋ ಕೊಂಕು ತೆಗೆಯಲು ಬಂದಿದ್ದಳು. ಮಾತು ಮುಗಿಸಲೂ ಬಿಡದೆ, ತೊಳೆಯೋಳು ತೊಳೆಯೋದು ನೋಡ್ಕೊ ಎಂದು ಅವತ್ತೇ ಬಾಯಿ ಮುಚ್ಚಿಸಿದ್ದೆ.

ನನಗೂ ಉಳಿಗಾಲವಿಲ್ಲ. ವಿದೇಶದಿಂದ ತರಿಸುವ ಸೀಮೆ ಕೂದಲು ಬಲು ದುಬಾರಿಯಾಯಿತಂತೆ. ಇಲ್ಲೇ ಸಿಗುವ ಅಗ್ಗದ ಕೂದಲು ಹುಡುಕಿ ಮೂವತ್ತು ನೊಣ ಕಟ್ಟಿ, ಇಪ್ಪತ್ತೈದನೇ ತಾರೀಕು ತಂದು ತೋರಿಸಬೇಕಂತೆ. ನಿಂತರೆ ಕೆಲಸ ಉಂಟು, ಉದುರಿದರೆ ಇಲ್ಲ. ಹನ್ನೊಂದು ವರ್ಷ ದುಡಿದವಳಿಗೆ ಪರೀಕ್ಷೆ!

ಫೆಬ್ರವರಿ 11, ಮಂಗಳವಾರ

ಇನ್ನೂ ಸಿಟ್ಟು ಇಳಿದಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮುದುಕಿ ತಟ್ಟೆ ತಳ್ಳಿ, "ಕಾವೇರಿನ ಸಮುದ್ರ ಮಾಡ್ಬುಟ್ಟೆ ಕಣವ್ವ" ಅಂತು. ಅದಕ್ಕೂ ನನ್ನ ಮೇಲೆ ಹಾಸ್ಯ.

ಫೆಬ್ರವರಿ 13, ಗುರುವಾರ

ಕಿರುಗಾವಲಿಗೆ ಹೋಗಿ ಬಂಡೂರು ಕುರಿಯ ಕೂದಲು ತಂದೆ. ಮಾಂಸದಂಗಡಿಯವನು ದುಡ್ಡು ಬೇಡವೆಂದ, ಚೀಲ ತುಂಬ ಕೊಟ್ಟ. ಈ ಕುರಿಯ ಮಾಂಸಕ್ಕೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆ, ಕೂದಲು ಮಾತ್ರ ಮೂರು ಕಾಸಿಗೂ ಬಾರದ್ದು. ನೂಲು ಬಿಗಿದ ಜಾಗದಲ್ಲೇ ಪುಟಪುಟನೆ ಮುರಿಯುತ್ತದೆ. ಒಂದಿಷ್ಟು ಮೆದು ಇದ್ದದ್ದು ನೀರು ಕುಡಿದು ಮುದ್ದೆಯಾಯಿತು. ಕೊಕ್ಕೆಯ ಮೈಗೆ ಸುತ್ತಲು ಸರಿ, ಬಾಲಕ್ಕೂ ರೆಕ್ಕೆಗೂ ಆಗದು. ಚೀಲದಲ್ಲೇ ಕಟ್ಟಿಟ್ಟೆ.

ಬಸ್‌ಸ್ಟ್ಯಾಂಡಿನಲ್ಲಿ ಚಲುವಮ್ಮನ ಮಗಳು ಪ್ರಿಯಾಂಕ ಎಳೆಗೂಸನ್ನು ಎತ್ತಿಕೊಂಡು ಕೂತಿದ್ದಳು. ಆಸ್ಪತ್ರೆಗೆ ಹೊರಟಿದ್ದಳೋ ಏನೋ. ನನ್ನನ್ನು ನೋಡಿ ಮುಖ ತಿರುಗಿಸಿದಳು. ತಿರುಗಿಸಿಕೊಳ್ಳಲಿ, ನನಗೇನು?

ಫೆಬ್ರವರಿ 15, ಶನಿವಾರ

ಕರುವಿನ ಬಾಲದ ತುದಿಯ ಕೂದಲು ಚೆನ್ನಾಗಿ ಸುಕ್ಕು ಸುಕ್ಕಾಗಿರುತ್ತದೆ, ಎದ್ದು ನಿಲ್ಲುತ್ತದೆ, ಚಿಕ್ಕ ನೊಣದ ರೆಕ್ಕೆಗೆ ಅದಕ್ಕಿಂತ ಬೇರೆ ಬೇಡ. ಎರಡು ಬೆರಳಗಲ ಕತ್ತರಿಸಿಕೊಳ್ಳುತ್ತೇನೆ ಎಂದು ಜವರಯ್ಯನವರ ಕೊಟ್ಟಿಗೆಗೆ ಹೋಗಿ ಕೇಳಿದೆ. ಅವರು ಹಲ್ಲುಕಡ್ಡಿ ಬಾಯಿಂದ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲ ಕಣಮ್ಮ, ನೊಣ ಓಡ್ಸಾಕೆ ಅಂತ ದೇವ್ರು ಅದಕ್ಕೆ ಬಾಲ ಕೊಟ್ಟವ್ನೆ. ನೀನು ನೊಣ ಮಾಡಾಕೆ ಬಾಲ ಕೇಳ್ತಾ ಇದ್ದೀಯಲ್ಲ?"

ಕೊಟ್ಟಿಗೆಯಲ್ಲಿದ್ದ ಆಳುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಬಿಡಲಿಲ್ಲ. "ನಿಮ್ಮ ಕೊಟ್ಟಿಗೆ ಗುಡಿಸಿದ್ರೆ ಬಾಲ ಯಾಕೆ ಬೇಕು ಗೌಡ್ರೇ?" ಅಂದುಬಿಟ್ಟೆ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಈ ಬಾಯಿ ನನಗೆ ಯಾವತ್ತು ಒಳ್ಳೆಯದು ಮಾಡಿದೆಯೋ ಕಾಣೆ. ಆದರೂ ಅಂದದ್ದು ಸರಿಯಾಗೇ ಇತ್ತು.

ಫೆಬ್ರವರಿ 16, ಭಾನುವಾರ

ನಾಗರಾಜುವಿನ ಭಾಮೈದ ಕೆಂಪರಾಜು ಬೈಕಿನಲ್ಲಿ ಬಂದು ಪೇಪರಿನ ಪೊಟ್ಟಣ ಬಿಚ್ಚಿದ. ಕಡವೆಯ ಕೂದಲು. ಒಳಗೆ ಟೊಳ್ಳು, ನೀರಿನ ಮೇಲೆ ಬೆಂಡಿನಂತೆ ತೇಲುತ್ತದೆ. ಅದಕ್ಕೆ ಸಮನಾದದ್ದು ಇಲ್ಲವೆಂದು ನನಗೂ ಗೊತ್ತು.

"ಆಡಿನ ಕೂದ್ಲು ದುಡ್ಗೇ ಕೊಡ್ತೀನಿ ಕಣಕ್ಕ. ಯಾವ್ ಪ್ರಾಣೀದು ಅಂತ ಮೀನೇನ್ ಕೇಳ್ತದಾ?" ಅಂದ.

ಕಾಡಿನ ಪ್ರಾಣಿಯ ಒಂದು ಎಳೆ ಕೂದಲು ಸಿಕ್ಕರೂ ಜೈಲು. ಸಿಕ್ಕಿಬೀಳುವುದು ಇವನಲ್ಲ, ಏಳನೇ ನಂಬರಿನ ಡಬ್ಬಿ. ಪೊಟ್ಟಣ ಅವನ ಬೈಕಿನ ಮೇಲೆ ಎಸೆದು, ಇನ್ನೊಂದು ಸಲ ಈ ಬೀದಿಗೆ ಬಂದರೆ ಫಾರೆಸ್ಟಿನವರಿಗೆ ನಾನೇ ಫೋನು ಮಾಡುತ್ತೇನೆ ಎಂದೆ. ಜಗಲಿಯ ಮೇಲೆ ಕೌದಿ ಹೊಲಿಯುತ್ತಿದ್ದ ಅತ್ತೆ, "ಸರ್ಯಾಗ್ ಅಂದೆ" ಅಂದಿತು. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ.

ಫೆಬ್ರವರಿ 18, ಮಂಗಳವಾರ

ಸಿಕ್ಕಿತು! ಕೊನೆಯ ಬೀದಿಯ ಕರಿಯಯ್ಯನ ಹೋತದ ಗಡ್ಡ. ಗೇಣುದ್ದ, ರೇಷ್ಮೆ, ಬುಡ ಬಿಳುಪು, ತುದಿ ಕಂದು. ಇದಾದರೂ ಹೊಳೆದದ್ದು ನನಗಲ್ಲ. ಅತ್ತೆ ಎಲೆಯಡಿಕೆ ಜಗಿಯುತ್ತಾ, "ಊರೆಲ್ಲ ಅಲೀತೀಯ, ಕರಿಯನ ಓತನ್ ಗಡ್ಡ ನೋಡಿದ್ದೀಯಾ?" ಅಂತು. ನಾಲ್ಕು ಬಾಳೆಹಣ್ಣು ತಿನ್ನಿಸಿದ್ದಕ್ಕೆ ಹೋತ ಸುಮ್ಮನೆ ನಿಂತಿತು. ಗಡ್ಡ ಸಾಲದೆಂದು ಹಿಂದೊಡೆಯ ಉದ್ದ ಕೂದಲನ್ನೂ ಕತ್ತರಿಸಿಕೊಂಡೆ. ಕರಿಯಯ್ಯ, "ಮೂರ್ ತಿಂಗ್ಳಲ್ಲಿ ಮತ್ತೆ ಬೆಳೀತದೆ, ಬತ್ತಾ ಇರು" ಎಂದ. ಖರ್ಚು ಬಾಳೆಹಣ್ಣಿನದಷ್ಟೇ. ನಾಗರಾಜು ಸೀಮೆಯವರಿಗೆ ಇಷ್ಟು ವರ್ಷ ಸುರಿದ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಹೋತದ ನಾತ ಮಾತ್ರ ಹೇಳಬಾರದು. ಅಂಟುವಾಳದಲ್ಲಿ ಎರಡು ಸಲ ನಾನೇ ತೊಳೆದೆ. ಇನ್ನೊಬ್ಬರನ್ನು ನಂಬುವ ಕೆಲಸವೇ ಇಲ್ಲ. ಒಣಗಿದ ಮೇಲೆ ಕಂತೆ ಮಾಡಿ, ಸೂಜಿಯನ್ನು ತಲೆಗೆ ತೀಡಿಕೊಂಡು ತೀಡಿಕೊಂಡು ಒಳಗಿನ ತುಪ್ಪಳವನ್ನೆಲ್ಲ ಬಾಚಿ ತೆಗೆದೆ. ಸೂಜಿ ಸರಸರನೆ ಓಡಿತು. ಹನ್ನೆರಡು ನೊಣ ಕಟ್ಟಿದೆ. ಎಂಥ ಹೊಳಪು! ದೀಪದ ಎದುರು ಹಿಡಿದರೆ ಮರಿಮೀನೇ. ಈಗ ಹೇಳಲಿ ನಾಗರಾಜು, ಯಾರ ಕೈ ಸಡಿಲ ಅಂತ.

ಫೆಬ್ರವರಿ 20, ಗುರುವಾರ

ಹೊಳೆಗೆ ಹೋಗಿ ನೂಲಿಗೆ ಕಟ್ಟಿ ಹರಿವಿಗೆ ಬಿಟ್ಟು ಎಳೆದೆ. ಮೊದಲನೆಯದು ನಾಲ್ಕನೇ ಎಳೆತಕ್ಕೆ ಬೋಳಾಯಿತು. ಎರಡನೆಯದು ಐದಕ್ಕೆ. ಹನ್ನೆರಡರಲ್ಲಿ ಒಂಬತ್ತು ಹೋದವು. ನಾನು ತೊಳೆದದ್ದು, ನಾನು ಬಾಚಿದ್ದು, ನಾನು ಕಟ್ಟಿದ್ದು. ನೂಲು ಕೆಟ್ಟದ್ದಿರಬೇಕು. ಗಂಟಿಗೆ ಹಚ್ಚುವ ವಾರ್ನಿಷು ಹಳೆಯದಿರಬೇಕು. ಆ ಹೋತಕ್ಕೆ ಏನೋ ರೋಗವಿರಬೇಕು. ಇದ್ದಬದ್ದ ಕೊಕ್ಕೆಗಳನ್ನೆಲ್ಲ ಹೊಳೆಗೆ ಎಸೆಯಬೇಕೆಂದು ಕೈ ಎತ್ತಿದೆ. ದನ ಕುಡಿಯುವ ಜಾಗವೆಂದು ಬಿಟ್ಟೆ.

ಫೆಬ್ರವರಿ 21, ಶುಕ್ರವಾರ

ಮಾತಾಡಿಸಿದವರ ಮೇಲೆಲ್ಲ ಎಗರಿದೆ. ಶಿವರಾಮು ಊಟ ಮಾಡದೆ ಮಲಗಿದ.

ಫೆಬ್ರವರಿ 22, ಶನಿವಾರ

ಇದನ್ನು ಬರೆಯಲು ಕೈ ಬರುತ್ತಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಅತ್ತೆ ಕೌದಿ ಹೊಲಿಯುತ್ತಿತ್ತು, ನಾನು ಮತ್ತೆ ಕಂತೆ ಬಾಚುತ್ತಿದ್ದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿತು:

"ಅಲ್ಲವ್ವ, ಸೂಜಿನ ಅದ್ಯಾಕೆ ತಲೆಗ್ ತೀಡ್ತೀಯ?"

"ನೀವೂ ತೀಡ್ತಾ ಇದ್ದೀರಲ್ಲ, ಕಾಣಲ್ವಾ?" ಎಂದು ರೇಗಿದೆ.

"ನಾನು ತೀಡ್ತೀನಿ. ಎಣ್ಣೆ ಅತ್ಕಂಡ್ರೆ ಸೂಜಿ ಬಟ್ಟೇಲಿ ಜಾರ್ತದೆ. ನಂಗೆ ಜಾರ್ಬೇಕು. ನಿಂಗೆ ಜಾರ್ಬೇಕಾ, ಕಚ್ಕೋಬೇಕಾ?"

ಸೂಜಿಯನ್ನು ಬೆರಳಿಗೆ ಒರೆಸಿ ನೋಡಿದೆ, ಕೊಬ್ಬರಿ ಎಣ್ಣೆ. ನಮ್ಮವ್ವ ಹೊಲಿಗೆ ಕಲಿಸುವಾಗ ಕಲಿಸಿದ ಅಭ್ಯಾಸ. ಅದರ ಬಗ್ಗೆ ಯೋಚಿಸಿದ್ದೇ ಇಲ್ಲ, ರೆಪ್ಪೆ ಬಡಿದ ಹಾಗೆ. ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು, ಸಂಜೆ ಅದೇ ಎಣ್ಣೆಯನ್ನು ಕೂದಲಿನ ಕಂತೆಗೆ ಬಾಚುವುದು. ಆಮೇಲೆ ನನ್ನ ಗಂಟು ನಿಲ್ಲಲಿಲ್ಲ ಎಂದು ಲೋಕದ ಮೇಲೆ ಕೂಗಾಡುವುದು.

ಇರಲಾರದು. ಹನ್ನೊಂದು ವರ್ಷ ನಿಂತದ್ದು ಹೇಗೆ ಮತ್ತೆ? ನಾಳೆ ಪರೀಕ್ಷೆ ಮಾಡಿಯೇ ತೀರುತ್ತೇನೆ.

ಫೆಬ್ರವರಿ 23, ಭಾನುವಾರ

ಅದೇ ಹೋತ, ಅದೇ ನೂಲು, ಅದೇ ವಾರ್ನಿಷು. ಆರು ನೊಣಕ್ಕೆ ಸೂಜಿಯನ್ನು ತಲೆಗೆ ತೀಡಿ ಬಾಚಿದೆ. ಇನ್ನಾರಕ್ಕೆ ತಲೆಗೆ ಬಟ್ಟೆ ಕಟ್ಟಿ, ಸೂಜಿಯನ್ನು ಸೋಪಿನಲ್ಲಿ ತೊಳೆದು ಬಾಚಿದೆ. ಹೊಳೆಯಲ್ಲಿ ಎಳೆದೆ. ಅತ್ತೆಯೂ ಕೋಲೂರಿಕೊಂಡು ಬಂದು ಕಲ್ಲಿನ ಮೇಲೆ ಕೂತಿತ್ತು. ಎಣ್ಣೆಯವು ಆರೂ ಬೋಳು. ತೊಳೆದ ಸೂಜಿಯವನ್ನು ಐವತ್ತು ಸಲ ಎಳೆದೆ, ಕಲ್ಲಿಗೆ ಬಡಿದೆ, ಹಲ್ಲಲ್ಲಿ ಕಚ್ಚಿ ಜಗ್ಗಿದೆ. ಒಂದು ಎಳೆ ಬರಲಿಲ್ಲ.

"ನಿಂತ್ಕತ್ತಲ್ಲ, ಇನ್ಯಾಕ್ ಅಳ್ತೀಯ?" ಅಂತು ಅತ್ತೆ.

ಹನ್ನೊಂದು ವರ್ಷ ನಿಂತದ್ದು ಹೇಗೆಂದು ಈಗ ಗೊತ್ತಾಯಿತು. ಶೆಡ್ಡಿನಲ್ಲಿ ಮೊದಲು ನಾನು ಬಾಚುತ್ತಿದ್ದೆ, ಆಮೇಲೆ ಚಲುವಮ್ಮ ತೊಳೆಯುತ್ತಿದ್ದಳು. ನನ್ನ ಎಣ್ಣೆಯನ್ನು ಅವಳು ತೆಗೆಯುತ್ತಿದ್ದಳು. ಅವಳು ಇಲ್ಲದ ಆರು ದಿನ ನಾನು ಬಾಚಿದ್ದನ್ನು ತೊಳೆಯುವವರೇ ಇರಲಿಲ್ಲ, ಹಾಗೇ ಕಟ್ಟಿದೆ. ಮನೆಯಲ್ಲಿ ಬಲು ಜಾಣತನದಿಂದ ಮೊದಲು ತೊಳೆದು ಆಮೇಲೆ ಬಾಚಿದೆ. ಅವಳ ಕೆಲಸ ಹೋದದ್ದು ನನ್ನ ತಲೆಯ ಎಣ್ಣೆಗೆ.

ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯುತ್ತಿಲ್ಲ.

ಫೆಬ್ರವರಿ 24, ಸೋಮವಾರ

ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಬಸ್ಸಿನಲ್ಲಿ ಎರಡು ಸಲ ಇಳಿಯಲು ಎದ್ದೆ. ಕಿರುಗಾವಲಿನಲ್ಲಿ ಅವಳ ಮನೆ ಕೇಳಿಕೊಂಡು ಹೋದೆ. ಇಷ್ಟು ವರ್ಷ ಜೊತೆಗಿದ್ದೂ ಮನೆ ಎಲ್ಲಿದೆ ಎನ್ನುವುದು ಗೊತ್ತಿರಲಿಲ್ಲ. ಅಂಗಳದಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದಳು. ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ.

"ಇನ್ನೇನ್ ಉಳ್ಕಂಡದೆ ಅಂತ ಬಂದೆ ಕಣಮ್ಮಿ?"

ನಿಂತುಕೊಂಡೇ ಎಲ್ಲ ಹೇಳಿದೆ. ಸೂಜಿ, ಎಣ್ಣೆ, ಹೊಳೆ, ಎಲ್ಲ. ತಪ್ಪು ನನ್ನದು ಎಂದೂ ಹೇಳಿದೆ. ಅವಳು ಬಟ್ಟೆ ಹರವುವುದನ್ನು ನಿಲ್ಲಿಸಲಿಲ್ಲ.

"ಗೊತ್ತು" ಅಂದಳು.

"ಗೊತ್ತಾ?"

"ಮೂಸಿದ್ರೆ ಗೊತ್ತಾಗಾಕಿಲ್ವಾ? ಪೊಟ್ಣ ಒಡೆದಾಗ ಒಂದ್ ವಾಸ್ನೆ, ನೀನು ಬಾಚಿ ಕೊಟ್ಮೇಲೆ ಇನ್ನೊಂದು. ಕೊಬ್ರಿ ಎಣ್ಣೆ ಅದು. ಅದಕ್ಕೇ ನಿನ್ ಕಂತೆ ಎಲ್ಡ್ ಸಲ ತೊಳೀತಿದ್ದೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?" ಎಂದೆ. ಆಗಲೂ ನನ್ನ ದನಿ ಜೋರಾಗಿಯೇ ಇತ್ತು, ಥೂ.

"ಯೋಳಾಕ್ ಬಂದಿದ್ದೆ. ಎಲ್ಡ್ ವರ್ಸ ಆಯ್ತು. ನೀನೇನಂದೆ, ನೆಪ್ಪದಾ?"

ಬುಟ್ಟಿಯಲ್ಲಿ ಉಳಿದಿದ್ದ ಬಟ್ಟೆಯನ್ನು ಎತ್ತಿ ಅವಳಿಗೆ ಕೊಟ್ಟೆ.

"ತೊಳೆಯೋಳು ತೊಳೆಯೋದ್ ನೋಡ್ಕೊ ಅಂದೆ. ನೋಡ್ಕಂಡೆ." ಕೊನೆಯ ಬಟ್ಟೆಯನ್ನು ಒದರಿ ಹಗ್ಗಕ್ಕೆ ಹಾಕಿದಳು.

ನಾಳೆ ನಾಗರಾಜುವಿಗೆ ಹೇಳುತ್ತೇನೆ, ಕೆಲಸಕ್ಕೆ ಬಾ ಎಂದು ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು.

"ನೀನ್ ಕರುದ್ರೆ ನಾನ್ಯಾಕ್ ಬರ್ಲಿ? ಅವ್ನು ಎಲ್ರ ಮುಂದೆ ಓಗು ಅಂದವ್ನೆ. ಎಲ್ರ ಮುಂದೇನೇ ಬಾ ಅನ್ಲಿ."

ನ್ಯಾಯವಾದ ಮಾತು. ಹೊರಡುವಾಗ ಪ್ರಿಯಾಂಕ ಒಂದು ಲೋಟ ನೀರು ತಂದುಕೊಟ್ಟಳು. ಕುಡಿಯಲು ಆಗಲಿಲ್ಲ, ಕುಡಿಯದೆ ಬರಲೂ ಆಗಲಿಲ್ಲ. ಮನೆಗೆ ಬಂದು ತಲೆಗೆ ಬಟ್ಟೆ ಬಿಗಿದುಕೊಂಡು ಉಳಿದ ನೊಣಗಳನ್ನು ಕಟ್ಟಿ ಮುಗಿಸಿದೆ. ಒಟ್ಟು ಮೂವತ್ತು.

ಫೆಬ್ರವರಿ 25, ಮಂಗಳವಾರ

ನಾನು ಮಾದರಿಗೆ ಕೊಟ್ಟ ಒಂದು ನೊಣವನ್ನು ನಾಗರಾಜು ಬಕೆಟ್ಟಿನಲ್ಲಿ ಅದ್ದಿದ, ಜಗ್ಗಿದ, ಇಕ್ಕುಳದಲ್ಲಿ ಹಿಡಿದು ಎಳೆದ. ಮುಖ ಅರಳಿತು. ಕೂದಲು ಎಲ್ಲಿಂದ ತಂದೆ ಎಂದು ಕೇಳಿದ, ಹೇಳಿದೆ. "ಕರಿಯಯ್ಯನ ಓತನಾ? ಭಲೆ ವನಜಮ್ಮ! ನೋಡ್ದಾ, ನಿನ್ ಕೈ ಸರ್ಯಾಗೇ ಇತ್ತು. ಆ ತೊಳೆಯೋಳ್ದೇ ತಪ್ಪು" ಎಂದು ಡಬ್ಬಿಗೆ ಕೈ ಚಾಚಿದ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದೆ ಕೂಡ. ಆಮೇಲೆ ಉಳಿದ ಇಪ್ಪತ್ತೊಂಬತ್ತು ಇದ್ದ ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ಎದ್ದು ನಿಂತೆ.

"ತಪ್ಪು ಅವಳದಲ್ಲ ನಾಗರಾಜಣ್ಣ, ನನ್ನದು" ಎಂದು ಏಳು ಜನರ ಮುಂದೆ ಹೇಳಿದೆ. ಸೂಜಿಯನ್ನು ತಲೆಗೆ ತೀಡಿ ತೋರಿಸಿದೆ. ಯಾರೋ ಕಿಸಕ್ಕೆಂದರು. ಇನ್ನಿಬ್ಬರು ಮೆಲ್ಲಗೆ ತಮ್ಮ ಸೂಜಿ ನೋಡಿಕೊಂಡರು. ವಾಪಸ್ ಬಂದ ಮಾಲನ್ನೆಲ್ಲ ಕೂಲಿಯಿಲ್ಲದೆ ಹೊಸದಾಗಿ ಕಟ್ಟಿಕೊಡುತ್ತೇನೆ ಎಂದೆ. ಅವನ ಮುಖ ಕೆಂಪಾಯಿತು. ಆಮೇಲೆ ಮಾಮೂಲಿನಂತೆ ಲೆಕ್ಕ ಹಾಕಿದ, ಹೋತದ ಕೂದಲು ಪುಕ್ಕಟೆ, ನನ್ನ ಕೈ ಪುಕ್ಕಟೆ.

"ಸರಿ ಬುಡು. ಅವ್ಳಿಗೆ ಬರಾಕ್ ಯೋಳು."

"ನಾನು ಹೇಳಲ್ಲ. ನೀವೇ ಹೇಳಿ. ಇಲ್ಲೇ, ಎಲ್ಲರಿಗೂ ಕೇಳೋ ಹಾಗೆ."

"ಏನಮ್ಮ ನೀನು, ತೊಳೆಯೋಳ್ಗೆ ಓನರ್ರು ಫೋನ್ ಮಾಡ್ಬೇಕಾ?"

ಮೈಯೆಲ್ಲ ಉರಿದುಹೋಯಿತು. "ತೊಳೆಯೋಳು ತೊಳೀದಿದ್ರೆ ನಿಮ್ಮ ಒಂದು ನೊಣ ಮೈಸೂರು ಮುಟ್ತಿರಲಿಲ್ಲ! ಕಳಿಸುವಾಗ ನಿಮ್ಮ ಬಾಯಿ ಎಲ್ಲರ ಮುಂದೆ ಬಂತಲ್ಲ, ಕರೆಯೋಕೆ ಮಾತ್ರ ಯಾಕೆ ಬರಲ್ಲ? ಮಾಡಿ ಫೋನು. ಇಲ್ಲದಿದ್ರೆ ಈ ಡಬ್ಬಿ ತಗೊಂಡು ನಾನೇ ಮೈಸೂರು ಬಸ್ಸು ಹತ್ತುತೀನಿ" ಎಂದೆ. ಇಷ್ಟು ಜೋರಾಗಿ ಹಿಂದೆಂದೂ ಕೂಗಿರಲಿಲ್ಲ. ಪಕ್ಕದ ಗ್ಯಾರೇಜಿನವರು ಬಂದು ಇಣುಕಿದರು.

ಫೋನಿನ ಸ್ಪೀಕರು ಹಾಕಿದ. "ಚಲುವಮ್ಮ, ತಪ್ಪಾಯ್ತು, ಬಾಮ್ಮ" ಎಂದ. ಆ ಕಡೆಯಿಂದ ಮಗು ಅಳುವುದು ಕೇಳಿಸಿತು. ಆಮೇಲೆ ಅವಳ ದನಿ.

"ನಾಳೆ ಸಿವರಾತ್ರಿ. ನಾಳಿದ್ದು ನೋಡ್ತೀನಿ."

ಡಬ್ಬಿಯನ್ನು ಅವನ ಮೇಜಿನ ಮೇಲೆ ಇಟ್ಟೆ.

ಫೆಬ್ರವರಿ 27, ಗುರುವಾರ

ಚಲುವಕ್ಕ ಬಂದಿದ್ದಳು. ನನ್ನ ಕಡೆ ನೋಡಲಿಲ್ಲ, ಮಾತಾಡಲಿಲ್ಲ. ಬೋರಲಾಗಿದ್ದ ತೊಟ್ಟಿಯನ್ನು ಎತ್ತಿ ನಿಲ್ಲಿಸಿ, ತಿಕ್ಕಿ, ಅಂಟುವಾಳ ನೆನೆಹಾಕಿದಳು. ನಾನು ಬೆಳಿಗ್ಗೆಯೇ ಬೇಗ ಬಂದು ತಲೆಗೆ ಬಟ್ಟೆ ಕಟ್ಟಿಕೊಂಡು ಒಂದು ಕಂತೆ ಬಾಚಿಟ್ಟಿದ್ದೆ. ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟೆ.

ಕಂತೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸಿದಳು. ತಿರುಗಿಸಿ ಇನ್ನೊಂದು ತುದಿಯನ್ನೂ ಮೂಸಿದಳು. ನಾನು ಎಸ್ಸೆಸ್ಸೆಲ್ಸಿ ರಿಸಲ್ಟು ನೋಡಲು ನಿಂತವಳಂತೆ ನಿಂತಿದ್ದೆ. ನೀರಿಗೆ ಅದ್ದಿದಳು, ಹಿಂಡಿದಳು, ಒದರಿದಳು.

ಒಂದೇ ಸಲ ತೊಳೆದು ಹಗ್ಗಕ್ಕೆ ಹಾಕಿದಳು.